ಕತೆ ತೆಳ್ಳಗೆ, ಕಾಡು ಆಳ

2022ರ ಜುಲೈ 28ರಂದು ತೆರೆಕಂಡ ‘ವಿಕ್ರಾಂತ್ ರೋಣ’ಕ್ಕಿಂತ ಬಿಗಿಯಾದ ಕತೆಯನ್ನು ನಮ್ಮ ಕಡೆಯ ರಾಮಕುಂಜದ ಯಾವ ಹೈಸ್ಕೂಲು ಹುಡುಗನೂ ಹೆಣೆದಾನು. ಕಮರೊಟ್ಟು ಎಂಬ ಕಾಡೂರು, ಒಬ್ಬೊಬ್ಬರಾಗಿ ಕೊಲೆಯಾಗುವ ಮಕ್ಕಳು, ಬಾವಿಯಲ್ಲಿ ರುಂಡವಿಲ್ಲದ ಇನ್‌ಸ್ಪೆಕ್ಟರ್, ಬ್ರಹ್ಮರಾಕ್ಷಸನ ಗುಲ್ಲು. ಇಷ್ಟರ ನಡುವೆ ‘ರಕ್ಕಮ್ಮ’ ಹಾಡಿನ ಕುಣಿತ ಬೇರೆ! ಕೊನೆಗೆ ಗಂಟು ಬಿಚ್ಚಲು ಫ್ಲ್ಯಾಶ್‌ಬ್ಯಾಕೇ ಬರಬೇಕು. ಪತ್ತೇದಾರನಿಗೆ ಹೆಚ್ಚು ಕೆಲಸವಿಲ್ಲ.

ಆದರೂ ತ್ರೀಡಿ ಕನ್ನಡಕ ಹಾಕಿ ನೋಡಿದಾಗ ಚಿತ್ರ ನಮಗೆ ಹಿಡಿಸಿತು.

ತ್ರೀಡಿ ಎಂದರೆ ಮುಖಕ್ಕೆ ಏನಾದರೂ ಬಂದು ಬಡಿಯಬೇಕು ಎಂಬುದು ಹಳೆಯ ರೂಢಿ. 1984ರಲ್ಲಿ ಪಕ್ಕದ ಮಲಯಾಳದಲ್ಲಿ ಬಂದ ಭಾರತದ ಮೊದಲ ತ್ರೀಡಿ ಚಿತ್ರ ‘ಮೈ ಡಿಯರ್ ಕುಟ್ಟಿಚ್ಚಾತ್ತನ್’ ಮಕ್ಕಳನ್ನು ಮರುಳು ಮಾಡಿದ್ದೇ ಹಾಗೆ. ಪುತ್ತೂರು ಮೂಲದ ನಿರ್ದೇಶಕ ಅನೂಪ್ ಭಂಡಾರಿಯವರ ‘ವಿಕ್ರಾಂತ್ ರೋಣ’ ಚೆನ್ನಾಗಿರುವುದು ಅದು ಹೊರಗೆ ಚಿಮ್ಮಿದಾಗ ಅಲ್ಲ, ಒಳಕ್ಕೆ ಇಳಿದಾಗ. ಮರದ ಹಿಂದೆ ಮರ, ಅದರ ಹಿಂದೆ ಮಂಜು.

ಈ ಆಳದ ಗುಟ್ಟು ಕಣ್ಣಿನಲ್ಲಿದೆ. ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರಿನಷ್ಟು ಅಂತರ. ಹಾಗಾಗಿ ಎರಡಕ್ಕೂ ಕಾಣುವ ಚಿತ್ರ ತುಸು ಬೇರೆ. ಹತ್ತಿರದ್ದರಲ್ಲಿ ಆ ವ್ಯತ್ಯಾಸ ಹೆಚ್ಚು, ದೂರದ್ದರಲ್ಲಿ ಕಡಿಮೆ. ಮಿದುಳು ಅದನ್ನೇ ದೂರವೆಂದು ಓದಿಕೊಳ್ಳುತ್ತದೆ. ಬಯಲಿನಲ್ಲಿ ಈ ಓದಿಗೆ ಆಸರೆ ಕಡಿಮೆ. ಅಡಿಕೆ ತೋಟದ ಸಾಲುಗಳಲ್ಲಿ, ಗುಡ್ಡದ ಕಾಡಿನಲ್ಲಿ ಹೆಜ್ಜೆಗೊಂದು ಗುರುತು ಸಿಗುತ್ತದೆ. ನಮ್ಮ ಸೀಮೆ ತ್ರೀಡಿಗೆಂದೇ ಬೆಳೆದಂತಿದೆ! ತಮಾಷೆಯೆಂದರೆ, ತೆರೆಯ ಮೇಲಿನ ಆ ಕಾಡಿನ ದೊಡ್ಡ ಪಾಲು ಎದ್ದದ್ದು ಹೈದರಾಬಾದಿನ ಅನ್ನಪೂರ್ಣ ಸ್ಟುಡಿಯೋದ ಸೆಟ್ಟಿನಲ್ಲಿ.

ತಕರಾರೂ ಉಂಟು. ಪೋಲರಾಯ್ಡ್ ಕನ್ನಡಕ ತೆರೆಯ ಬೆಳಕನ್ನು ಅರ್ಧಕ್ಕಿಂತ ಹೆಚ್ಚೇ ನುಂಗುತ್ತದೆ. ಚಿತ್ರದಲ್ಲಿ ಇರುಳೇ ಹೆಚ್ಚು. ಪ್ರೊಜೆಕ್ಟರಿನ ದೀಪ ಮಂಕಾದ ಟಾಕೀಸಿನಲ್ಲಿ ಕೂತವರಿಗೆ ಬ್ರಹ್ಮರಾಕ್ಷಸನೂ ಕಾಣದು, ಕಾಡೂ ಕಾಣದು.

ಕತೆ ಇಲ್ಲದೆ ಬರೀ ನೋಟಕ್ಕೆ ಮರುಳಾಗುವುದೇ ಎಂದು ಕೇಳುವವರು ಕಟೀಲು ಯಕ್ಷಗಾನ ಮೇಳದ ‘ದೇವಿ ಮಹಾತ್ಮೆ’ಗೆ ಹೋಗಲಿ. ಮಹಿಷಾಸುರನ ಗತಿ ಏನಾಗುತ್ತದೆಂದು ಬಣ್ಣ ಹಚ್ಚುವ ಚೌಕಿಯ ಮುಂದೆ ಆಡುವ ಮಗುವಿಗೂ ಗೊತ್ತು. ಆದರೂ ನಿದ್ದೆಗಣ್ಣಿನವರನ್ನು ತಟ್ಟಿ ಎಬ್ಬಿಸುತ್ತಾರೆ. ರಂಗಸ್ಥಳದಿಂದಲ್ಲ, ಜನರ ಬೆನ್ನ ಹಿಂದಿನ ಕತ್ತಲಿನಿಂದ ಅವನು ಬರುತ್ತಾನೆ; ದೊಂದಿ, ಭಗ್ಗನೆ ಏಳುವ ರಾಳದ ಬೆಂಕಿ, ಆರ್ಭಟ. ಆ ಪ್ರವೇಶಕ್ಕೆ ಕನ್ನಡಕ ಬೇಡ. ಅದನ್ನು ಕಂಡು ಬೆಳೆದವರು ಸಿನಿಮಾದಿಂದ ಮೊದಲು ಕೇಳುವುದು ಬೆಚ್ಚುವ ಸುಖವನ್ನು. ತರ್ಕದ ಲೆಕ್ಕ ಆಮೇಲೆ. ಆದರೆ ಮೇಳದಲ್ಲಿ ವೇಷದ ಬೆನ್ನಿಗೆ ಅರ್ಥಗಾರಿಕೆ ಇರುತ್ತದೆ. ಕಮರೊಟ್ಟಿನಲ್ಲಿ ಮಾತಿನ ಆ ಬಲ ಇಲ್ಲ, ಹಾಗಾಗಿ ಭಾರವೆಲ್ಲ ನೋಟದ ಮೇಲೆಯೇ ಬಿತ್ತು.

ಎರಡು ತಿಂಗಳಾಗುವ ಮೊದಲೇ ಚಿತ್ರ ಓಟಿಟಿಗೆ ಬಂತು. ಮೊಬೈಲಿನಲ್ಲಿ ಕಾಡು ಚಪ್ಪಟೆ, ಬಾವಿಗೆ ಆಳವೇ ಇಲ್ಲ. ಅಲ್ಲಿ ಉಳಿಯುವುದು ಕತೆ ಮಾತ್ರ. ಅದನ್ನಷ್ಟೇ ನೋಡಿ ಬೈದವರ ಮೇಲೆ ನಮಗೆ ಸಿಟ್ಟಿಲ್ಲ.