ಬಾಯಿಬಿಟ್ಟರೆ ಸೈರನ್!
ನಮ್ಮ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯಲ್ಲಿ ಥಟ್ಟನೆ ಸರಿಯುತ್ತರ ಕೊಟ್ಟವರಿಗೆ ಪುಸ್ತಕ. ಬ್ರಿಟನ್ನಿನ ಬಿಬಿಸಿಯಲ್ಲಿ 2003ರಲ್ಲಿ ಶುರುವಾದ ಹಾಸ್ಯ ಕ್ವಿಜ್ ‘ಕ್ಯೂಐ’ನಲ್ಲಿ ಥಟ್ಟನೆ ಬಾಯಿಬಿಟ್ಟವರಿಗೆ ಗ್ರಹಚಾರ! ಎಲ್ಲರೂ ನಂಬಿಕೊಂಡ ತಪ್ಪುತ್ತರವನ್ನೇ ಹೇಳಿದಿರೋ, ಸೈರನ್ ಕಿರುಚುತ್ತದೆ, ನಿಮ್ಮ ಉತ್ತರ ಹಿಂದಿನ ಪರದೆಯ ಮೇಲೆ ದಪ್ಪಕ್ಷರದಲ್ಲಿ ಮಿನುಗುತ್ತದೆ, ಅಂಕ ಖೋತಾ. ಕಾಯಂ ಸ್ಪರ್ಧಿ ಆ್ಯಲನ್ ಡೇವಿಸ್ ಪಾಪ, ಗೊತ್ತಿಲ್ಲದ್ದಕ್ಕೆಲ್ಲ ‘ನೀಲಿ ತಿಮಿಂಗಿಲ’ ಅಂದು ಬೈಸಿಕೊಳ್ಳುವುದೇ ಒಂದು ಮಜಾ. ಅಂಕ ಕೊಡುವ ಲೆಕ್ಕ ಅರ್ಥವಾಗದೆ ‘ಇದೆಂಥ ಕ್ವಿಜ್ ಮಾರಾಯ್ರೆ’ ಅನ್ನುವ ನೋಡುಗರಿದ್ದಾರೆ. ಅರ್ಥವಾಗದಿದ್ದರೇನಂತೆ, ಗೆದ್ದವರಿಗೆ ಸೈಟು ಕೊಡುತ್ತಾರೆಯೇ? ನನಗೆ ಇಷ್ಟವಾಗುವವರು ಕಾರ್ಯಕ್ರಮದ್ದೇ ತಪ್ಪು ಹುಡುಕುವ ಜಾತಿಯವರು. ಭೂಮಿಗೆ ಚಂದ್ರ ಎಷ್ಟು ಎಂಬ ಪ್ರಶ್ನೆಗೆ ಡೇವಿಸ್ ‘ಒಂದು’ ಅಂದದ್ದಕ್ಕೆ ಸೈರನ್ ಮೊಳಗಿತ್ತು. ಆಗಿನ ನಿರೂಪಕ ಸ್ಟೀಫನ್ ಫ್ರೈ ಕ್ರೂಯಿನ್ಯ ಎಂಬ ಕ್ಷುದ್ರಗ್ರಹವನ್ನೂ ಚಂದ್ರನ ಲೆಕ್ಕಕ್ಕೆ ಸೇರಿಸಿದ್ದರು. ಅದು ಸುತ್ತುವುದು ಸೂರ್ಯನನ್ನು. ನಮ್ಮಷ್ಟೇ ಅವಧಿಯಲ್ಲಿ ಸುತ್ತುತ್ತದೆ ಎಂಬುದಷ್ಟೇ ನಂಟು. ಖಗೋಳ ಬಲ್ಲವರು ಇದಕ್ಕೆ ಸುಮ್ಮನಿದ್ದಾರೆಯೇ? ಜ್ಞಾನವೂ ಹಳಸುತ್ತದೆ ಎಂದು ಕಾರ್ಯಕ್ರಮದವರು ಮುಂದೊಂದು ಕಂತಿನಲ್ಲಿ ತಾವೇ ಒಪ್ಪಿಕೊಂಡು, ಹಿಂದೆ ಅನ್ಯಾಯವಾಗಿ ಕಳೆದಿದ್ದ ಅಂಕಗಳನ್ನು ಡೇವಿಸ್ ಖಾತೆಗೆ ವಾಪಸ್ ಜಮಾ ಮಾಡಿದರು. ಬಡ್ಡಿ ಕೇಳಬೇಕಿತ್ತು ಪುಣ್ಯಾತ್ಮ.