ಪಿಸಿಎಂಬಿ, ಪಿಸಿಎಂಸಿ: ಒಂದ ಅಕ್ಷರದ ಲೆಕ್ಕ

ರೋಹಿಣಿ ಮಳಿ ಈ ಸಲ ನಮ್ಮ ಕಡೆ ಚಲೋ ಆಗೇತಿ, ಹೆಸರು ಬಿತ್ತಾಕ ಹದ ಬಂದೈತಿ. ಬಿತ್ತಿಗಿ ಬಗ್ಗೆನ ಬರಿಯೋಣ ಅಂತ ಕುಂತಿದ್ದೆ. ಆದ್ರ ನಾಕು ದಿನದಿಂದ ನಮ್ಮ ಮನ್ಯಾಗ ಬ್ಯಾರೆ ಮಾತು ನಡದೈತಿ. ನಿಮ್ಮ ಮನ್ಯಾಗೂ ನಡದಿರಬೇಕು, ಅದನ್ನ ಬರೀತೀನಿ.

ನಮ್ಮ ಅಣ್ಣನ ಮಗಳು ಹತ್ತನೇತ್ತ ಪಾಸಾಗ್ಯಾಳ, ಪಿಯುಸಿ ಸೈನ್ಸ್ ಅಂತ ಠರಾವ್ ಆಗೇತಿ. ಅಣ್ಣ ಪಿಸಿಎಂಸಿ ಕೊಡಸ್ತೀನಿ, ಕಂಪ್ಯೂಟರ್ ಇದ್ರ ನೌಕರಿ ಸಿಗತೈತಿ ಅಂತಾನ. ನಾನು ಬ್ಯಾಡಣ್ಣಾ, ಪಿಸಿಎಂಬಿ ಕೊಡಸು ಅಂದೆ. "ನೀ ಇಂಜಿನಿಯರ್ ಕಲತು ಏನ್ ಮಾಡೀಪಾ?" ಅಂದ. ಆ ಮಾತಿಗೆ ನನ್ನ ಕಡೆ ಉತ್ತರ ಇರಲಿಲ್ಲ. ಯಾಕಂದ್ರ ನಾ ಕಲೀಲಿ ಅಂತ ಅವ ಹತ್ತನೇತ್ತಕ್ಕ ಸಾಲಿ ಬಿಟ್ಟು ಮಡಕಿ ಹಿಡದಾಂವ.

2001ರಾಗ ನಾನು ಎಸ್ಸೆಸ್ಸೆಲ್ಸಿ ಮುಗಿಸಿದೆ. ಯಾವ ಕಾಲೇಜು, ಯಾವ ವಿಷಯ ಅನ್ನೋದು ಒಂದ ಸಂಜಿ ನಮ್ಮ ಕಟ್ಟಿ ಮ್ಯಾಲ ತೀರ್ಮಾನ ಆತು. ತೀರ್ಮಾನ ಮಾಡಿದವರು ಅಪ್ಪ, ಒಬ್ಬ ಬೀಗರು, ಮತ್ತ ಬೆಂಗಳೂರಾಗ ನೌಕರಿ ಮಾಡೋ ನಮ್ಮೂರ ಹುಡುಗ ಒಬ್ಬ. ನಾ ಅಲ್ಲೇ ಇದ್ದೆ, ಚಾ ತಂದು ಕೊಟ್ಟೆ. ಕಂಪ್ಯೂಟರ್ ಅಂದ್ರು, ಪಿಸಿಎಂಸಿ ಆತು. 2003ಕ್ಕ ಸಿಇಟಿ ರ‍್ಯಾಂಕ್ ಬಹಳ ದೂರ ಬಂತು. ಖಾಸಗಿ ಕಾಲೇಜಿನಾಗ ಮ್ಯಾನೇಜ್‌ಮೆಂಟ್ ಸೀಟು ತಗೊಂಡ್ವಿ, ಅದಕ್ಕ ಅಪ್ಪ ಎರಡು ಎಕರೆ ಎರಿ ಹೊಲ ಭೋಗ್ಯಕ್ಕ ಹಾಕಿದ. ಕಲತು ಮುಗಿಸಿ ಪೀಣ್ಯದಾಗ ನಾಕು ವರ್ಷ ಗುತ್ತಿಗಿ ನೌಕರಿ ಮಾಡಿದೆ. ರೂಮ್ ಬಾಡಿಗಿ, ಊಟ ಹೋಗಿ ಉಳಿಯೋದ್ರಾಗ ಭೋಗ್ಯ ಬಿಡಸೋ ಮಾತ ಇರಲಿಲ್ಲ. 2011ರಾಗ ಊರಿಗೆ ಬಂದೆ. ಆ ಎರಡು ಎಕರೆ ಬಿಡಿಸಿದ್ದು 2016ರಾಗ, ಅದೂ ಅಣ್ಣನ ಕಡಲಿ ರೊಕ್ಕದಾಗ. ಅಪ್ಪ ಅದನ್ನ ನೋಡಾಕ ಇರಲಿಲ್ಲ.

ಈಗ ಆ ಒಂದ ಅಕ್ಷರದ ವಿಷಯಕ್ಕ ಬರೋಣ, ಬಹಳ ಮಂದಿಗೆ ಇದು ಗೊತ್ತಿಲ್ಲ. ಬಯಾಲಜಿ ಇಲ್ದ ಪಿಯುಸಿ ಮಾಡಿದ್ರ ಬಿಎಸ್ಸಿ ಕೃಷಿ ಇಲ್ಲ, ತೋಟಗಾರಿಕೆ ಇಲ್ಲ, ಪಶುವೈದ್ಯಕೀಯ ಇಲ್ಲ, ಡಾಕ್ಟರಕಿ ಅಂತೂ ಇಲ್ಲೇ ಇಲ್ಲ. ಆದ್ರ ಪಿಸಿಎಂಬಿ ಮಾಡಿದ ಹುಡುಗಿ ನಾಳೆ ಕಂಪ್ಯೂಟರ್ ಇಂಜಿನಿಯರಿಂಗ್ ಮಾಡ್ತೀನಿ ಅಂದ್ರ ಯಾರೂ ಬ್ಯಾಡ ಅನ್ನಂಗಿಲ್ಲ. ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಇದ್ರ ಸಾಕು. ಅಂದ್ರ 'ಬಿ' ತಗೊಂಡ್ರ ಎರಡೂ ಬಾಗಿಲ ತೆರದಿರತಾವ, 'ಸಿ' ತಗೊಂಡ್ರ ಒಂದು ಮುಚ್ಚತೈತಿ. ನಮ್ಮ ಕಟ್ಟಿ ಮ್ಯಾಲ ಕುಂತವರ‍್ಯಾರಿಗೂ ಇದು ಗೊತ್ತಿರಲಿಲ್ಲ.

ಮತ್ತ ಮುಚ್ಚೋದು ಯಾವ ಬಾಗಿಲ ನೋಡ್ರಿ, ರೈತರ ಮಕ್ಕಳಿಗೆ ಅಂತನ ಇಟ್ಟ ಬಾಗಿಲ. ಕೃಷಿ ಸಂಬಂಧದ ಕೋರ್ಸಿನಾಗ ಕೃಷಿಕರ ಕೋಟಾ ಐತಿ. ಮೊದಲು ನೂರಕ್ಕ 40 ಸೀಟ್ ಇತ್ತು, ಈಗ 50 ಆಗೇತಿ. ಅದಕ್ಕ ಪ್ರಾಯೋಗಿಕ ಪರೀಕ್ಷೆ ಇರತೈತಿ. ಬೀಜ, ಗೊಬ್ಬರ, ಸಲಕರಣಿ ಇಟ್ಟು ಇದ್ಯಾವುದು ಹೇಳು ಅಂತಾರ. ಪ್ಯಾಟಿ ಹುಡುಗರು ಅದಕ್ಕೂ ಕೋಚಿಂಗ್ ಹೋಗ್ತಾರ, ನಮ್ಮ ಹುಡುಗಿ ಕಣ್ಣು ಮುಚ್ಚಿ ಮುಟ್ಟಿ ಹೇಳ್ತಾಳ ಸಜ್ಜಿ ಯಾವುದು ನವಣಿ ಯಾವುದು ಅಂತ. ನನ್ನ ಕಾಲಕ್ಕ ರಾಯಚೂರಿನಾಗ ಕೃಷಿ ಕಾಲೇಜು ಅಷ್ಟ ಇತ್ತು, ಅದೂ ಧಾರವಾಡದ ಕೈಕೆಳಗ. ಕೃಷಿ ವಿಶ್ವವಿದ್ಯಾಲಯ ಆಗಿದ್ದು 2008ರಾಗ. ಮುನಿರಾಬಾದಿನಾಗ ತೋಟಗಾರಿಕೆ ಕಾಲೇಜು ಐತಿ, ಕೊಪ್ಪಳದಿಂದ ಎಷ್ಟು ದೂರರೀ? ಮತ್ತ 371ಜೆ ಬಂದ ಮ್ಯಾಲ ನಮ್ಮ ಭಾಗದ ಕಾಲೇಜಿನಾಗ ನೂರಕ್ಕ 70 ಸೀಟ್ ಸ್ಥಳೀಯರಿಗೆ. ಆ ಪ್ರಮಾಣ ಪತ್ರ, ಕೃಷಿಕರು ಅನ್ನೋ ಪತ್ರ, ಎರಡನ್ನೂ ಈಗಿಂದನ ತಗದು ಇಟ್ಕೋರಿ. ಕೌನ್ಸೆಲಿಂಗ್ ಹೊತ್ತಿಗೆ ತಹಶೀಲ ಕಚೇರಿ ಮುಂದ ಪಾಳಿ ಹಚ್ಚಿ ಅತ್ತವರನ್ನ ನೋಡೀನಿ.

ಕೃಷಿ ಕಲತವರೆಲ್ಲ ಹೊಲಕ್ಕ ಬರತಾರ ಅಂತ ನಾ ಹೇಳಂಗಿಲ್ಲ. ಬಹಳ ಮಂದಿ ಬ್ಯಾಂಕಿಗೆ, ಬೀಜದ ಕಂಪನಿಗೆ, ಇಲಾಖೆಗೆ ಹೋಗ್ತಾರ. ಹೋಗಲಿ, ತಪ್ಪೇನೈತಿ? ಆದ್ರ ನನಗ ಒಂದು ದಿನ ಮರಿಯಾಕ ಆಗವಲ್ದು. 2012ರಾಗ ಕುಷ್ಟಗಿ ಕಡೆಯವರನ್ನ ನೋಡಿ ದಾಳಿಂಬ್ರಿ ಹಚ್ಚಿದೆ. ಎರಡ ವರ್ಷಕ್ಕ ದುಂಡಾಣು ಅಂಗಮಾರಿ ಬಂತು. ಎಲಿ ಮ್ಯಾಲ ಚುಕ್ಕಿ, ಕಾಯಿ ಸೀಳು, ಕೊಟ್ಟಷ್ಟು ಎಣ್ಣಿ ಹೊಡದೆ. ಮರುವರ್ಷ ಕೃಷಿ ಕಾಲೇಜಿನ ಹುಡುಗೀರು ಗ್ರಾಮೀಣ ಅನುಭವ ಅಂತ ನಮ್ಮೂರಾಗ ಇರಾಕ ಬಂದಿದ್ರು. ಗುಡಿ ಮುಂದ ರಂಗೋಲಿ ಪುಡಿಲೆ ಊರಿನ ನಕಾಶಿ ಬರದ್ರಲ್ಲ, ಅವರ. ಒಬ್ಬಾಕಿ ತ್ವಾಟಕ್ಕ ಬಂದು ನೋಡಿ ಒಂದ ಮಾತು ಕೇಳಿದ್ಲು: "ಅಣ್ಣಾರ, ಚಾಟನಿ ಮಾಡುವಾಗ ಒಂದ್ ಗಿಡ ಆದ ಮ್ಯಾಲ ಕತ್ತರಿ ಔಷಧದಾಗ ಅದ್ದತೀರೇನ್ರಿ?" ನಾ ಒಂದ ಕತ್ತರಿಲೆ ಆರನೂರು ಗಿಡ ಚಾಟನಿ ಮಾಡಿದ್ದೆ, ರೋಗದ ಗಿಡದಿಂದನ ಶುರು ಮಾಡಿ. ರೋಗ ಹಂಚಿದಾಂವ ನಾನ, ಇಂಜಿನಿಯರ್.

ಇದನ್ನ ತಿಳಿಯಾಕ ಡಿಗ್ರಿನ ಬೇಕಂತಿಲ್ಲ, ಗಂಗಾವತಿ ಕೃಷಿ ವಿಜ್ಞಾನ ಕೇಂದ್ರಕ್ಕ ಹೋಗಿದ್ರ ಪುಕ್ಕಟೆ ಹೇಳ್ತಿದ್ರು. ಹೋಗಲಿಲ್ಲ. ಕಲತಾಂವ ಅನ್ನೋ ಸೊಕ್ಕು ಒಂದಿತ್ತಲ್ಲ.

ಹಂಗಂತ ಬಿಇ ಪೂರಾ ದಂಡ ಅನ್ನಂಗಿಲ್ಲ. ಡ್ರಿಪ್ ಲೆಕ್ಕ ನಾನ ಹಾಕ್ತೀನಿ, ಮೋಟರ್ ಸ್ಟಾರ್ಟರ್ ನಾನ ಬಿಚ್ಚಿ ಕೂಡಸ್ತೀನಿ. ಐಟಿಐ ಮಾಡಿದ್ರೂ ಅಷ್ಟು ಬರತಿತ್ತು, ಹೊಲ ಉಳೀತಿತ್ತು. ಬೆಂಗಳೂರಿಗೆ ಹೋಗಿದ್ದಕ್ಕ ನನಗ ಬ್ಯಾಸರ ಇಲ್ಲ. ಎರಡು ಎಕರೆ ಭೋಗ್ಯಕ್ಕ ಹಾಕಿಸಿದ್ದಕ್ಕ ಐತಿ, ಅಣ್ಣನ ಸಾಲಿ ಬಿಡಿಸಿದ್ದಕ್ಕ ಐತಿ. ಸರ್ಕಾರಿ ಸೀಟು ಸಿಗದಿದ್ರ ಆ ಕೋರ್ಸ ಬ್ಯಾಡ ಅನ್ನೋ ಧೈರ್ಯ ನಮಗ ಬೇಕಿತ್ತು. ಪಿಯುಸಿನ ಬ್ಯಾಡ ಅನ್ನೋ ಹುಡುಗರಿಗೆ ಹತ್ತನೇತ್ತ ಆದ ಮ್ಯಾಲ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷದ ಕೃಷಿ ಡಿಪ್ಲೊಮಾ ಐತಿ, ಕನ್ನಡದಾಗ ಕಲಿಸ್ತಾರ. ಅದನ್ನೂ ಕೇಳ್ರಿ.

ಪಿಸಿಎಂಬಿ ಭಾರ ಐತಿ, ಅದು ಖರೆ. ಕನ್ನಡ ಮಾಧ್ಯಮದಿಂದ ಹೋದ ಮಕ್ಕಳಿಗೆ ಬಯಾಲಜಿ ಇಂಗ್ಲಿಷ್ ಹೆಸರು ಮೊದಲ ಆರು ತಿಂಗಳು ತಲಿ ತಿಂತಾವ. ಅಣ್ಣ ಇದನ್ನ ಹೇಳ್ತಾನ, ಅವನ ಮಾತಿನಾಗೂ ತಥ್ಯ ಐತಿ.

ನಿನ್ನೆ ರಾತ್ರಿ ಇಬ್ಬರೂ ಜೋರು ಮಾತಾಡೂದ್ರಾಗ ಹುಡುಗಿ ಚಾ ತಂದಿಟ್ಟಳು. ನನಗ ಆ ಕಟ್ಟಿ ನೆನಪಾತು. "ನೀ ಏನಂತೀವಾ?" ಅಂದೆ. "ಇಷ್ಟೊತ್ತನಕ ಯಾರೂ ಕೇಳ್ಲೇ ಇಲ್ಲಲ್ಲ ಕಾಕಾ" ಅಂದ್ಲು.

ನಾಳೆ ಅಣ್ಣ ಅರ್ಜಿ ತುಂಬಾಕ ಕೊಪ್ಪಳಕ್ಕ ಹೊಂಟಾನ. ಆಕಿನ್ನೂ ಕರಕೊಂಡು ಹೋಗು, ಕಾಲೇಜಿನಾಗ ಆಕಿನ ಮಾತಾಡ್ಲಿ ಅಂದೀನಿ. ಹೂಂ ಅಂದಾನ. ಹೆಸರು ಬಿತ್ತಾಕ ನಾ ಅದೀನಿ.