ಹಿಂದಿನಿಂದ ಓದುವ ಕಾರು

ನಮ್ಮ ಆಲಂಕಾರಿಕರು ಗತಪ್ರತ್ಯಾಗತವೆಂಬ ಒಂದು ಚಿತ್ರಕವಿತ್ವವನ್ನು ಹೇಳಿದ್ದಾರೆ. ಕೊನೆಯಿಂದ ಮೊದಲಿಗೆ ಓದಿದರೂ ಪದ್ಯವು ಕೆಡದು. ಈ ವಿದ್ಯೆ ಇಂಗ್ಲೆಂಡಿನ ಕಾರುಶೆಡ್ಡುಗಳಲ್ಲಿಯೂ ಬೆಳೆಯಿತೆಂದರೆ ವಾಚಕರು ನಗಬಹುದು.

ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರು 1957ರಲ್ಲಿ ಲೋಟಸ್ ಸೆವೆನ್ ಎಂಬ ಪುಟ್ಟ ಕಾರನ್ನು ಹೊರತಂದರು. ಸಿದ್ಧವಾದ ಕಾರಿಗೆ ಅಲ್ಲಿ ಖರೀದಿ ತೆರಿಗೆಯ ಭಾರವಿದ್ದಿತು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿ ಜೋಡಿಸಿಕೊಂಡವನಿಗೆ ಅದಿಲ್ಲ. ಆದರೆ ಜೋಡಿಸುವ ಸೂಚನೆಗಳನ್ನು ಜೊತೆಗೆ ಕೊಡಕೂಡದು. ಬಿಚ್ಚುವ ಸೂಚನೆಗಳನ್ನು ಕೊಡಬಾರದೆಂದು ಯಾರೂ ಹೇಳಿರಲಿಲ್ಲವಷ್ಟೆ! ಕೊಂಡವನು ಅದನ್ನೇ ಕೆಳಗಿನಿಂದ ಮೇಲಕ್ಕೆ ಓದಿಕೊಂಡನೆಂದು ಪ್ರತೀತಿ. 1973ರಲ್ಲಿ ತೆರಿಗೆಯ ಕ್ರಮ ಬದಲಾಯಿತು. ಅದೇ ವರ್ಷ ಕಾರಿನ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಸೇರಿತು. ಬಿಡಿಭಾಗಗಳ ಮಾರಾಟ ಮಾತ್ರ ನಿಲ್ಲಲಿಲ್ಲ.

ಇಂತಹ ಕಾರಿನ ಹಿಂಚಕ್ರವನ್ನು ತಿರುಗಿಸುವ ದಂಡವೇ ಡ್ರೈವ್‌ಶಾಫ್ಟ್. ಚಕ್ರ ಏರಿಳಿದಾಗಲೂ ವೇಗ ತಪ್ಪದಂತೆ ಅದರ ತುದಿಗಳಲ್ಲಿ ಬಾಗುವ ಕೀಲುಗಳಿವೆ. ಕೀಲನ್ನು ಮುಚ್ಚಿದ ರಬ್ಬರಿನ ಚೀಲ ಹರಿದರೆ ಗ್ರೀಸು ಹೊರಗೆ, ಮರಳು ಒಳಗೆ. ಕೀಲು ಸವೆದು ಕಟಕಟಿಸುವುದು. ಆಗ ದಂಡವನ್ನು ಬದಲಿಸಬೇಕು.

ಚಕ್ರದ ನಾಭಿಯ ದೊಡ್ಡ ನಟ್ಟನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಜ್ಯಾಕಿನ ಮೇಲಿರುವ ಕಾರನ್ನು ಉದ್ದ ಸ್ಪ್ಯಾನರಿನಿಂದ ಜಗ್ಗುವುದು ಪ್ರಾಣಾಪಾಯ. ಬಳಿಕ ಮುಂಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗವನ್ನು ಗಟ್ಟಿ ಆಸರೆಗಳ ಮೇಲೆ ನಿಲ್ಲಿಸಿ, ಚಕ್ರ ತೆಗೆದು, ಬ್ರೇಕಿನ ಕ್ಯಾಲಿಪರನ್ನು ತಂತಿಯಿಂದ ತೂಗಹಾಕಬೇಕು. ಅದರ ಭಾರ ಬ್ರೇಕಿನ ಕೊಳವೆಯ ಮೇಲೆ ಬೀಳಕೂಡದು. ದಂಡವನ್ನು ಹೊರಗೆಳೆಯುವಾಗ ಡಿಫರೆನ್ಷಿಯಲ್ಲಿನ ಎಣ್ಣೆ ಸುರಿಯಬಹುದು, ಕೆಳಗೊಂದು ತಟ್ಟೆಯಿರಲಿ.

ಹೊಸ ದಂಡವನ್ನು ಕೂಡಿಸುವಾಗ ಇದೇ ಪಾಠವನ್ನು ಹಿಂದಿನಿಂದ ಓದಬೇಕು. ಆದರೆ ಪದ್ಯಕ್ಕೂ ಕಾರಿಗೂ ಭೇದವಿರುವುದು ಇಲ್ಲಿಯೇ. ಪದ್ಯದಲ್ಲಿ ಹಳೆಯ ಅಕ್ಷರಗಳೇ ಮರಳಿ ಬರುತ್ತವೆ. ಇಲ್ಲಿ ಕೆಲವು ಮರಳಬಾರದು. ಒಮ್ಮೆ ಬಿಚ್ಚಿದ ನಾಭಿಯ ನಟ್ಟಿನ ಹಿಡಿತವನ್ನು ನಂಬಲಾಗದು; ಹೊಸದೇ ಬೇಕು. ಸೋರಿದ ಎಣ್ಣೆಯನ್ನು ತುಂಬಬೇಕು. ಕೊನೆಯ ಬಿಗಿತವನ್ನು ತೋಳಬಲದ ಅಂದಾಜಿಗೆ ಬಿಡದೆ, ಕಾರು ನೆಲಕ್ಕಿಳಿದ ಮೇಲೆ ಅಳತೆಯ ಸ್ಪ್ಯಾನರಿನಿಂದ, ತಯಾರಕರು ಹೇಳಿದಷ್ಟೇ ಕೊಡಬೇಕು.

ಕಾರ್ಖಾನೆಯ ಕಾರು ಕೆಟ್ಟರೆ ದೂರುವುದಕ್ಕೆ ಒಬ್ಬನಿರುತ್ತಾನೆ. ತಾನೇ ಜೋಡಿಸಿದವನಿಗೆ ಆ ಸೌಕರ್ಯವಿಲ್ಲ. ಆ ಕಾರಿನಲ್ಲಿರುವುದು ಎರಡೇ ಆಸನ. ಎರಡನೆಯದರಲ್ಲಿ ಕೂರುವವರು ಬಹುಮಟ್ಟಿಗೆ ಅವನ ಮನೆಯವರೇ.